ಮನೆವಾರ್ತೆ ಲೆಕ್ಕ: ಬಂದ ಹಣ ಯಾವ ಡಬ್ಬಿಗೆ?

ಆದಾಯವನ್ನು ಖರ್ಚಿನ ಬಾಬ್ತುಗಳಾಗಿ, ಒಂದೊಂದು ಬಾಬ್ತಿಗೆ ಒಂದೊಂದು ಡಬ್ಬಿಯಂತೆ, ಭಾಗ ಮಾಡಿಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದವು, ತಕರಾರೂ ಹೆಚ್ಚುಕಡಿಮೆ ಒಂದೇ: ಹೀಗೆ ಭಾಗ ಮಾಡುವ ಪಾಠವೆಲ್ಲ ಒಂದನೇ ತಾರೀಕಿಗೆ ಸಂಬಳ ಎಣಿಸುವವರಿಗೆ, ಕಡಲು, ತೋಟ ಕ್ಯಾಲೆಂಡರ್ ನೋಡಿ ಹಣ ಕೊಡುವುದಿಲ್ಲ. ತಕರಾರು ಸರಿಯಾಗಿಯೇ ಇದೆ. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ನಮ್ಮ ಯಜಮಾನರು ಪರ್ಸೀನ್ ಬೋಟಿಗೆ (ಸುತ್ತುಬಲೆಯ ಮೀನುಗಾರಿಕೆ ಬೋಟು) ಹೋಗುತ್ತಾರೆ, ಹಿಡಿದ ಮೀನಿನ ಗಳಿಕೆಯಲ್ಲಿ ಪಾಲಿನ ಲೆಕ್ಕದಲ್ಲಿ ಹಣ. ಕಳೆದ ಸೀಸನ್ನಿನಲ್ಲಿ ಆಗಸ್ಟ್‌ನಿಂದ ಮೇವರೆಗೆ ಒಟ್ಟು 2,64,000 ರೂಪಾಯಿ ಬಂತು. ಸೆಪ್ಟೆಂಬರ್‌ನಲ್ಲಿ 46,000, ಫೆಬ್ರುವರಿಯಲ್ಲಿ ಬರೀ 11,000. ಡಬ್ಬಿ ಮಾಡಿ ಹಣ ಹಾಕಿಟ್ಟರೂ ನಿಲ್ಲುವುದಿಲ್ಲ, ಮಳೆಗಾಲ ಬಂತೆಂದರೆ ಬಂಗಾರ ಅಡವಿಡಬೇಕು. ಏನು ಮಾಡಲಿ?
— ಗೃಹಿಣಿ, ಬೈತಖೋಲ, ಕಾರವಾರ

ಉತ್ತರ: ನಿಮ್ಮ ಕೈ ದೊಡ್ಡದೆಂದು ಡಬ್ಬಿ ಖಾಲಿಯಾಗುತ್ತಿಲ್ಲ. ಪಾಲು ಬಂದ ಹಾಗೇ ಅದನ್ನು ಭಾಗ ಮಾಡುತ್ತಿದ್ದೀರಿ. ಸೆಪ್ಟೆಂಬರ್ ಡಬ್ಬಿ ತುಂಬಿ ತುಳುಕುತ್ತದೆ, ಫೆಬ್ರುವರಿಯದು ತಳ ಕಾಣುತ್ತದೆ. ಮೊದಲು ಪಾಲನ್ನು ಸಂಬಳ ಮಾಡಬೇಕು, ಡಬ್ಬಿ ಆಮೇಲೆ.

2,64,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 22,000. ಅಷ್ಟನ್ನೂ ನೆಚ್ಚಿಕೊಳ್ಳಬೇಡಿ, ಬಂಗಡೆ-ತಾರ್ಲೆ ಮೀನು ಕೈಕೊಡುವ ವರ್ಷವೂ ಇರುತ್ತದೆ. ಮನೆಯ ಸಂಬಳ 20,000 ಎಂದು ಗೊತ್ತು ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ. ಒಂದಕ್ಕೆ ಪಾಲಿನ ಹಣ ಪೂರ್ತಿ ಬೀಳಲಿ. ಅದಕ್ಕೆ ಎಟಿಎಂ ಕಾರ್ಡ್ ತೆಗೆದುಕೊಳ್ಳಬೇಡಿ, ಫೋನಿನ ಯುಪಿಐಗೂ ಜೋಡಿಸಬೇಡಿ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು 20,000 ಮನೆಯ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಬಹುದು. ನಗದಾಗಿ ಸಿಕ್ಕ ಪಾಲು ಮನೆಗೆ ಬಂದು ಬ್ಯಾಂಕಿಗೆ ಹೋಗುವುದಲ್ಲ, ಬ್ಯಾಂಕಿಗೆ ಹೋಗಿ ಮನೆಗೆ ಬರಬೇಕು. ಈ ಒಂದು ಕ್ರಮ ತಪ್ಪಿದರೆ ಉಳಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಇನ್ನು ಬಂದ್ ಕಾಲ, ಅಂದರೆ ಮಳೆಗಾಲದಲ್ಲಿ ಬೋಟುಗಳ ಮೀನುಗಾರಿಕೆಗೆ ಸರಕಾರದ ನಿಷೇಧವಿರುವ ಸಮಯ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಎಲ್ಲರೂ ಎರಡು ತಿಂಗಳಿನದನ್ನಷ್ಟೇ ಕೂಡಿಡುತ್ತಾರೆ, ಅಲ್ಲೇ ಎಡವುವುದು. ಆಗಸ್ಟ್‌ನಲ್ಲಿ ಬೋಟು ನೀರಿಗಿಳಿದ ದಿನವೇ ಪಾಲು ಕೈಗೆ ಬರುವುದಿಲ್ಲ. ಕಡಲಿನ ಅಬ್ಬರ ಇನ್ನೂ ಇಳಿದಿರುವುದಿಲ್ಲ. ಡೀಸೆಲ್, ಐಸ್ ಲೆಕ್ಕ ಕಳೆದು ಪಾಲು ಹಂಚುವ ಹೊತ್ತಿಗೆ ಅರ್ಧ ತಿಂಗಳು ಸರಿದಿರುತ್ತದೆ. ಹಾಗಾಗಿ ಮೇ ಕೊನೆಗೆ ಖಾತೆಯಲ್ಲಿ 40,000 ಅಲ್ಲ, 50,000 ಇರಬೇಕು. ಪ್ರತಿ ಪಾಲಿನಲ್ಲಿ ಐದರಲ್ಲೊಂದು ಭಾಗವನ್ನು ಬಂದ್ ಕಾಲದ್ದೆಂದು ಪುಸ್ತಕದಲ್ಲಿ ಬೇರೆ ಬರೆಯುತ್ತ ಬನ್ನಿ. ಕಳೆದ ವರ್ಷದ ಲೆಕ್ಕಕ್ಕೆ ಅದು 52,800 ಆಗುತ್ತಿತ್ತು. ಉಳಿದ 2,11,200ರಲ್ಲಿ ಹತ್ತು ತಿಂಗಳ ಸಂಬಳ 2,00,000 ಹೋಗಿ ಇನ್ನೂ 11,200 ಮಿಗುತ್ತಿತ್ತು. ಸೆಪ್ಟೆಂಬರ್‌ನ 46,000ದಲ್ಲಿ ಐದನೇ ಭಾಗವನ್ನೂ ಸಂಬಳವನ್ನೂ ಕಳೆದರೆ ಮಿಗುವ 16,800 ಲಾಭವಲ್ಲ. ಅದು ಫೆಬ್ರುವರಿಯ ಅನ್ನ.

ಬಂದ್ ಕಾಲದ ಹಣಕ್ಕೆ ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹೊಂದುವುದಿಲ್ಲ. ಅದು 5 ವರ್ಷದ್ದು, 3 ವರ್ಷಕ್ಕೆ ಮುಂಚೆ ಮುಚ್ಚಲು ಬರುವುದಿಲ್ಲ. ಹಲವು ಬ್ಯಾಂಕುಗಳಲ್ಲಿ ಒಂಬತ್ತು ತಿಂಗಳ ಆರ್‌ಡಿ ಸಿಗುತ್ತದೆ. ಬಡ ತಿಂಗಳಲ್ಲೂ ಕಟ್ಟಬಲ್ಲಷ್ಟು, ಅಂದರೆ 2,000ದ್ದು ಮಾಡಿ, ಉಳಿದದ್ದು ಖಾತೆಯಲ್ಲೇ ಇರಲಿ.

20,000ದ ಭಾಗ ನಿಮ್ಮಂಥ ನಾಲ್ಕು ಜನರ ಮನೆಗೆ ಹೀಗಿರಬಹುದು: ಅಡುಗೆಮನೆಗೆ 8,000, ಗ್ಯಾಸ್-ಲೈಟ್ ಬಿಲ್-ಫೋನಿಗೆ 1,500, ಮಕ್ಕಳ ಬಸ್ಸು, ಟ್ಯೂಷನ್ನಿಗೆ 1,500, ಔಷಧಿಗೆ 1,000, ಸ್ವಸಹಾಯ ಸಂಘದ ಕಂತಿಗೆ 3,000, ವರ್ಷದ ಡಬ್ಬಿಗೆ 3,000, ನಿಮ್ಮಿಬ್ಬರ ಕೈಖರ್ಚಿಗೆ ತಲಾ 500. ಉಳಿದ 1,000 ಯಾವುದಕ್ಕೂ ಸೇರದ್ದು. ಅದಕ್ಕೆ ಹೆಸರಿಡಬೇಡಿ, ಯಾವುದೋ ಒಂದು ಡಬ್ಬಿ ಅದನ್ನು ಕೇಳಿಯೇ ಕೇಳುತ್ತದೆ.

ಸಂಘದ ವಾರದ ಕಂತಿಗೆ ಬಂದ್ ಕಾಲ ಅಂತಿಲ್ಲ. ಮೇ ತಿಂಗಳಲ್ಲಿ ಹೊಸ ಸಾಲ ಎತ್ತಿ ಹಳೇ ಸಾಲದ ಕಂತು ಕಟ್ಟುವುದು ಕೇರಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಬಂಗಾರ ಅಡವು ಶುರುವಾಗುವುದೂ ಬಹಳ ಸಲ ಅಲ್ಲಿಂದಲೇ.

ವರ್ಷದ ಡಬ್ಬಿ ಎಂದರೆ ಬರುವುದು ಗೊತ್ತಿದ್ದೂ ಪ್ರತಿ ಸಲ ‘ಅಯ್ಯೋ, ಬಂತಲ್ಲ’ ಅನ್ನಿಸುವ ಖರ್ಚು. ಶಾಲೆ ಶುರುವಿನ ಫೀ, ಪುಸ್ತಕ, ಕೊಡೆಗೆ 12,000, ಮಾಡಿನ ರಿಪೇರಿ, ಕಟ್ಟಿಗೆ, ಒಣಮೀನು ಸೇರಿ ಮಳೆಗಾಲದ ತಯಾರಿಗೆ 9,000, ಚೌತಿಗೆ 8,000, ಮದುವೆ-ಮುಂಜಿಯ ಮುಯ್ಯಿಗೆ 6,000. ಇದರ ಜೊತೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ಮತ್ತು ಅಪಘಾತಕ್ಕೆಂದಿರುವ ಸುರಕ್ಷಾ ವಿಮೆಯ 20, ಇಬ್ಬರಿಗೆ 912. ಒಟ್ಟು 36,000ದ ಹತ್ತಿರ, ತಿಂಗಳಿಗೆ 3,000. ಆಗಸ್ಟ್‌ನಲ್ಲಿ ಶುರು ಮಾಡಿದರೆ ಮೊದಲ ವರ್ಷ ಚೌತಿಯ ಹೊತ್ತಿಗೆ ಡಬ್ಬಿಯಲ್ಲಿ ಒಂದೆರಡು ತಿಂಗಳಿನದ್ದಷ್ಟೇ ಇರುತ್ತದೆ. ಆ ಒಂದು ಚೌತಿಯನ್ನು ಸಣ್ಣದಾಗಿ ಮಾಡಿ, ಡಬ್ಬಿ ಕೆಟ್ಟಿತೆಂದು ಕೈಬಿಡಬೇಡಿ.

ಆ ವಿಮೆಗಳ ತಲಾ 456 ರೂಪಾಯಿಯ ವಿಷಯ ಇನ್ನೊಮ್ಮೆ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಕಂತು ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಬೋಟು ದಡಕ್ಕೆ ಬಂದು ಖಾತೆ ಬರಿದಾಗುವುದೂ ಆ ವಾರವೇ. ಹಣವಿಲ್ಲದೆ ಕಡಿತ ತಪ್ಪಿದರೆ ರಕ್ಷಣೆಯೂ ತಪ್ಪುತ್ತದೆ, ಎಸ್ಸೆಮ್ಮೆಸ್ ಯಾರೂ ನೋಡಿರುವುದಿಲ್ಲ. ಎರಡೂ ತಲಾ 2 ಲಕ್ಷದ ವಿಮೆ. ಕಡಲಿಗೆ ಹೋಗುವವರ ಮನೆಯಲ್ಲಿ ಇದು ತಪ್ಪಬಾರದು. ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಎರಡೂ ಕಡಿತ ಇದೆಯೇ ಎಂದು ಕಣ್ಣಾರೆ ನೋಡಿ.

ಪ್ರಶ್ನೆ: ಎರಡು ಎಕರೆ ಅಡಿಕೆ ತೋಟ, 12 ಕ್ವಿಂಟಲ್‌ನಷ್ಟು ಚಾಲಿ (ಒಣಗಿಸಿ ಸುಲಿದ ಅಡಿಕೆ). ವ್ಯಾಪಾರವಾದಾಗ ಹಣ ಒಮ್ಮೆಲೇ ಬರುತ್ತದೆ, ಉಳಿದ ದಿನ ಅಡಿಕೆ ಕೊಡುವ ಸಹಕಾರಿ ಸಂಘದ ಖಾತೆಯಿಂದ ಬೇಕಾದಾಗ ಮುಂಗಡ ಎತ್ತುತ್ತೇವೆ. ವರ್ಷದ ಕೊನೆಗೆ ಬಾಕಿ ನೋಡಿದರೆ ಎದೆ ಧಸಕ್ ಎನ್ನುತ್ತದೆ. ತಿಂಗಳ ಬಜೆಟ್ ನಮಗೆ ಸಾಧ್ಯವೇ?
— ಕೃಷಿಕ, ಶಿರಸಿ ತಾಲೂಕು

ಉತ್ತರ: ಸಾಧ್ಯ. ಆದರೆ ಅಡಿಕೆ ಮೇಲಿನ ಮುಂಗಡ ಆದಾಯವಲ್ಲ, ಸಾಲ. ಅದಕ್ಕೆ ಬಡ್ಡಿ ಓಡುತ್ತದೆ. ಸಂಘದ ಖಾತೆಯಿಂದ ಎತ್ತಿದ್ದನ್ನೂ ಬೆಳೆಯ ಹಣವನ್ನೂ ಒಂದೇ ಸಾಲಿನಲ್ಲಿ ಬರೆಯುವವರೆಗೆ ಯಾವ ಬಜೆಟ್ಟೂ ನಿಲ್ಲದು.

ತೋಟ ಬೇರೆ, ಮನೆ ಬೇರೆ. ಕೊಳೆರೋಗಕ್ಕೆ ಮಳೆಗೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣ, 40-45 ದಿನ ಬಿಟ್ಟು ಎರಡನೆಯದು, ಕೊನೆ ಇಳಿಸುವ ಕೊನೆಗೌಡರ ಕೂಲಿ, ಗೊಬ್ಬರ-ಸೊಪ್ಪು, ಸುಲಿಯುವ ಖರ್ಚು ಎಲ್ಲ ತೋಟದ ಪುಸ್ತಕಕ್ಕೆ. ಇದು 1,60,000 ಎಂದುಕೊಳ್ಳೋಣ. ಆದಾಯಕ್ಕೆ ಈಗಿನ ದರ ಹಿಡಿಯಬೇಡಿ. ಕಳೆದ ಮೂರು ವರ್ಷದಲ್ಲಿ ನಿಮಗೇ ಸಿಕ್ಕ ಅತಿ ಕಡಿಮೆ ದರ ಹಿಡಿಯಿರಿ. ಅದು ಕ್ವಿಂಟಲಿಗೆ 35,000 ಇದ್ದರೆ 12 ಕ್ವಿಂಟಲಿಗೆ 4,20,000. ತೋಟದ್ದು ಕಳೆದರೆ ಮನೆಗೆ 2,60,000. ಇದನ್ನು 12ರಿಂದಲ್ಲ, 13ರಿಂದ ಭಾಗಿಸಿ: ತಿಂಗಳಿಗೆ 20,000. ಹದಿಮೂರನೇ ತಿಂಗಳು ಏಕೆಂದರೆ ಅಂಗಳದಲ್ಲಿ ಚಾಲಿ ಒಣಗುವಾಗ ಅಕಾಲದ ಮಳೆ ಹಿಡಿದರೂ, ದರ ಬಿದ್ದು ಮಾಲು ತಡೆದಿಟ್ಟರೂ ವ್ಯಾಪಾರ ಒಂದು ತಿಂಗಳು ಮುಂದೆ ಹೋಗುತ್ತದೆ. ಆ ತಿಂಗಳು ಮುಂಗಡಕ್ಕೆ ಕೈಚಾಚುವ ಪ್ರಮೇಯ ಬರಬಾರದು.

ಚಾಲಿಯನ್ನು ಒಂದೇ ಸಲ ಮಾರುವ ಅಗತ್ಯವಿಲ್ಲ, ಹಾಗೆಂದು ‘ದರ ಏರಲಿ’ ಎಂದು ಪೂರ್ತಿ ಕಟ್ಟಿಡುವುದೂ ಬೇಡ. ಬೆಳೆಸಾಲದ ಗಡುವಿಗೆ ಬೇಕಾದಷ್ಟು ಮೊದಲು ಹೋಗಲಿ. ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ 5 ಲಕ್ಷದವರೆಗೆ ಶೂನ್ಯ ಬಡ್ಡಿ ಎಂಬುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕ್ವಿಂಟಲಿಗೆ ಸಾವಿರ ಹೆಚ್ಚು ಸಿಕ್ಕೀತೆಂದು ಕಾದು ಆ ಸವಲತ್ತು ಕಳೆದುಕೊಳ್ಳುವುದು ದಡ್ಡತನ. ಕಾಳುಮೆಣಸಿನ ಹಣವನ್ನು ಈ ಲೆಕ್ಕಕ್ಕೆ ತರಲೇ ಇಲ್ಲ, ಗಮನಿಸಿ. ಅದು ಮಗಳ ಓದಿಗೋ ಮನೆಯ ಹಂಚಿಗೋ ಬೇರೆಯೇ ಇರಲಿ.

ನಿಮ್ಮೂರಿಗೆ ವಿಶೇಷವಾದ ಒಂದು ಡಬ್ಬಿಯೂ ಇದೆ: ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದರಿಂದ ವರ್ಷದ ಪಟ್ಟಿಯಲ್ಲಿ ಅದು ಮರೆತೇಹೋಗುತ್ತದೆ. ಜಾತ್ರೆಯ ದಿನಗಳಲ್ಲಿ ಮನೆ ತುಂಬ ನೆಂಟರು, ಮಕ್ಕಳಿಗೆ ತೊಟ್ಟಿಲು, ಪೇಟೆ ಎಂದು 24,000 ಆಗುವುದಾದರೆ 24 ತಿಂಗಳು ಸಾವಿರದಂತೆ ಎತ್ತಿಡಿ.

ಪ್ರಶ್ನೆ: ಸಂಬಳ 42,000. ಲಕೋಟೆ ಮಾಡಿ ಹೆಸರು ಬರೆದಿಟ್ಟಿದ್ದೇನೆ. ಆದರೂ ಮೀನು-ತರಕಾರಿಯ ಲಕೋಟೆ 20ನೇ ತಾರೀಕಿಗೇ ಖಾಲಿ. ವಾರಕ್ಕೆ 1,500ರಂತೆ 6,000 ಇಡುತ್ತೇನೆ.
— ಉದ್ಯೋಗಿ, ಕಾರವಾರ

ಉತ್ತರ: ತಿಂಗಳೆಂದರೆ ನಾಲ್ಕು ವಾರವಲ್ಲ. ವರ್ಷಕ್ಕೆ 52 ವಾರ. 1,500ರಂತೆ 78,000, ತಿಂಗಳಿಗೆ 6,500. ಐದು ಭಾನುವಾರದ ಸಂತೆ ಬಿದ್ದ ತಿಂಗಳು 7,500 ಬೇಕು. ತಿಂಗಳಿಗೊಂದು ಲಕೋಟೆ ಬಿಟ್ಟು ವಾರಕ್ಕೊಂದು ಮಾಡಿ, ಸಂತೆಯ ಬೆಳಿಗ್ಗೆ ಮಾತ್ರ ತೆರೆಯಿರಿ. ಬಂದ್ ಕಾಲದಲ್ಲಿ ಇಸವಣ, ಪಾಂಪ್ಲೆಟ್ ಮೀನಿನ ದರ ಮುಟ್ಟುವ ಹಾಗಿರುವುದಿಲ್ಲ. ಜೂನ್-ಜುಲೈಯಲ್ಲಿ ಇದೇ ಹಣಕ್ಕೆ ಒಣಮೀನು, ಮೊಟ್ಟೆ, ಬೇಳೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

20ಕ್ಕೇ ಖಾಲಿಯಾಗಲು ಇಷ್ಟೇ ಕಾರಣ ಸಾಲದು. ಫೋನಿನಿಂದ ಕೊಟ್ಟದ್ದು ಲಕೋಟೆಗೆ ಗೊತ್ತಾಗುವುದಿಲ್ಲ. ಚಹಾ, ರಿಕ್ಷಾಕ್ಕೆ ಫೋನಿನಿಂದ ಕೊಟ್ಟು ಖಾತೆ ಕೆಳಗಿಳಿದಾಗ ಲಕೋಟೆಗೆ ಕೈ ಹೋಗಿರುತ್ತದೆ. ಯುಪಿಐ ಲೈಟ್ (ಸಣ್ಣ ಪಾವತಿಗೆಂದು ಫೋನಿನಲ್ಲಿ ಮೊದಲೇ ಹಣ ತುಂಬಿಡುವ ವ್ಯವಸ್ಥೆ) ಬಳಸುವವರಿಗೆ ಇನ್ನೊಂದು ತೊಡಕು: ಅದಕ್ಕೆ ಹಣ ತುಂಬಿದ್ದು ಮಾತ್ರ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಅದರಿಂದ ಖರ್ಚಾದ ಇಪ್ಪತ್ತು-ಮೂವತ್ತು ರೂಪಾಯಿಗಳು ಕಾಣುವುದಿಲ್ಲ. ಹಾಗಾಗಿ ಅದಕ್ಕೆ ತುಂಬಿದ್ದನ್ನೆಲ್ಲ ನಿಮ್ಮ ಕೈಖರ್ಚೆಂದೇ ಬರೆದುಬಿಡಿ. ಸಂಬಳದ ಖಾತೆಯನ್ನು ಯುಪಿಐನಿಂದ ಬಿಡಿಸಿ, ಬೇರೆ ಸಣ್ಣ ಖಾತೆ ಜೋಡಿಸಿ, ಅದಕ್ಕೆ ತಿಂಗಳಿಗೊಮ್ಮೆ ಇಂತಿಷ್ಟು ಎಂದು ಹಾಕಿ. ‘ಇತರೆ’ ಎಂಬ ಲಕೋಟೆ 2,000 ದಾಟಿದರೆ ಅದರೊಳಗೆ ಹೆಸರು ಹೇಳಲು ಮನಸ್ಸಿಲ್ಲದ ಖರ್ಚೊಂದು ಕೂತಿರುತ್ತದೆ. ಹುಡುಕಿ.

ಪ್ರಶ್ನೆ: ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಎಂಬ ಸೂತ್ರ ಎಲ್ಲ ಮನೆಗೂ ಸರಿಯೇ? — ಕುಮಟಾ

ಉತ್ತರ: ಅಲ್ಲ. 18,000 ಆದಾಯದ ಮನೆಯಲ್ಲಿ ಅಕ್ಕಿ, ಬಾಡಿಗೆ, ಔಷಧಿಗೇ ನೂರಕ್ಕೆ 75 ಹೋಗುತ್ತದೆ. ಮೂರು ತಿಂಗಳು ಖರ್ಚು ಬರೆದಿಟ್ಟು ನಿಮ್ಮ ಮನೆಯ ಪ್ರಮಾಣ ಕಂಡುಕೊಳ್ಳಿ. ಉಳಿತಾಯ ನೂರಕ್ಕೆ 5 ಆದರೂ ತಿಂಗಳ ಮೊದಲೇ ತೆಗೆದದ್ದಾಗಿರಲಿ.

ಪ್ರಶ್ನೆ: ಗೃಹಲಕ್ಷ್ಮಿಯ 2,000ವನ್ನು ಯಾವ ಡಬ್ಬಿಗೆ ಹಾಕಲಿ? ಉಳಿತಾಯವನ್ನು ಊರಿನ ಪತ್ತಿನ ಸಂಘದಲ್ಲಿಡಬಹುದೇ, ಬಡ್ಡಿ ಹೆಚ್ಚಿದೆ. — ಹೊನ್ನಾವರ

ಉತ್ತರ: ತಿಂಗಳ ಅಕ್ಕಿ-ಬೇಳೆಯನ್ನು ಅದರ ಮೇಲೆ ನಿಲ್ಲಿಸಬೇಡಿ, ಕಂತು ತಡವಾದರೆ ಒಲೆಗೇ ತಾಗುತ್ತದೆ. ಬಂದ ದಿನ ವರ್ಷದ ಡಬ್ಬಿಗೆ ಹಾಕಿ. ಇನ್ನು ಸಂಘದ ಠೇವಣಿ: ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಒಬ್ಬರಿಗೆ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸಂಘ ಎಷ್ಟೇ ಗಟ್ಟಿಯಿದ್ದರೂ ತುರ್ತಿನ ಹಣ ಬ್ಯಾಂಕಿನಲ್ಲಿರಲಿ. ಅದು ಬಿಟ್ಟು ಮಿಕ್ಕಿದ್ದರಲ್ಲಿ ಸ್ವಲ್ಪ ಸಂಘಕ್ಕೆ ಹಾಕುವುದಾದರೆ, ಈ ಸಲದ ವಾರ್ಷಿಕ ಸಭೆಯ ವರದಿಯಲ್ಲಿ ಸುಸ್ತಿ ಸಾಲ (ಗಡುವು ದಾಟಿಯೂ ವಸೂಲಾಗದ ಸಾಲ) ಎಷ್ಟಿದೆ ಎಂದು ನೋಡಿಯೇ ಹಾಕಿ.