ಚಿತ್ರದ ಮೂಲೇಲಿ ಒಂದು ಹೆಸರಿರುತ್ತೆ, ಓದಿದ್ದೀರಾ?

ದಾವಣಗೆರೆಯಿಂದ ಒಬ್ಬ ಓದುಗರು ಬರೆದಿದ್ದಾರೆ. ಬ್ಯಾಂಕಲ್ಲಿ ಕೆಲಸ, ವಯಸ್ಸು 26. ಪತ್ರದಲ್ಲಿರೋದು ಇಷ್ಟು: "ಸರ್, ರಾತ್ರಿ ಊಟ ಆದ್ಮೇಲೆ ಇನ್‌ಸ್ಟಾಗ್ರಾಮಲ್ಲಿ ಜಪಾನ್ ಕಡೆಯೋರು, ಯೂರೋಪ್ ಕಡೆಯೋರು ಬರೆಯೋ ಚಿತ್ರ, ಕೈಯಲ್ಲಿ ಹೊಲಿಯೋ ಬೊಂಬೆ, ದಾರದ ಕೆಲಸ ಎಲ್ಲಾ ನೋಡ್ತೀನಿ, ಮನಸ್ಸು ತುಂಬುತ್ತೆ. ನಮ್ಮಲ್ಲಿ ಈಗಿನ ಕಾಲದ ಅಂಥ ಕಲಾವಿದರು ಯಾಕಿಲ್ಲ? ಇದ್ರೆ ಎಲ್ಲಿ ಹುಡುಕಬೇಕು? ನಿಮ್ಮ ಪತ್ರಿಕೆ ಒಂದು ಪಟ್ಟಿ ಕೊಡಬಾರ್ದಾ?"

ತಂಗೀ, ಇಂಕ್ ಪೆನ್ನಲ್ಲಿ ಬರೆದು, ಅಂಚಿಗೆ ಒಂದು ದಾಸವಾಳ ಬಿಡಿಸಿ, ಪೋಸ್ಟಲ್ಲಿ ಕಳಿಸಿದ್ದೀರಿ. ಅದಕ್ಕೇ ನಿಮ್ಮ ಪತ್ರ ಮೇಜಿನ ಮೇಲೇ ಉಳೀತು. ಈಗ ಸ್ವಲ್ಪ ಜಗಳ ಆಡ್ತೀನಿ, ಬೇಜಾರು ಮಾಡ್ಕೋಬೇಡಿ.

ಪತ್ರ ಎರಡು ಸಲ ಓದಿದೆ. ಜಪಾನ್ ಅಂತಿದೆ, ಯೂರೋಪ್ ಅಂತಿದೆ, ಆದ್ರೆ ಒಬ್ಬರ ಹೆಸರೂ ಇಲ್ಲ. ನಿನ್ನೆ ರಾತ್ರಿ ನಿಮ್ಮ ಮನಸ್ಸು ತುಂಬಿಸಿದ ಚಿತ್ರ ಬರೆದೋರು ಯಾರು? ಗಂಡಸಾ ಹೆಂಗಸಾ, ಯಾವ ಊರು? ಗೊತ್ತಿಲ್ಲ ಅಲ್ವಾ, ಯಾಕಂದ್ರೆ ಬೆರಳು ಆಗಲೇ ಮುಂದಿನ ಚಿತ್ರಕ್ಕೆ ಹೋಗಿತ್ತು.

ಫೋನಿಂದ ಏನೂ ಉಪಯೋಗ ಇಲ್ಲ ಅನ್ನಲ್ಲ. ಮೈಸೂರಿನ ಕಾವಾ ಕಲಾಶಾಲೇಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡೀಲಿ ಮೊಸಳೆ ಮಾಡಿಟ್ರು, 2019ರಲ್ಲಿ ಒಬ್ಬ ನಟರಿಗೆ ಗಗನಯಾತ್ರಿ ವೇಷ ಹಾಕಿಸಿ ಕೆಟ್ಟ ರಸ್ತೆ ಮೇಲೆ ಚಂದ್ರನ ಮೇಲೆ ನಡೆದ ಹಾಗೆ ನಡೆಸಿದ್ರು. ಅದು ಊರೂರಿಗೆ ತಲುಪಿದ್ದು ಫೋನಿಂದಲೇ. ಒಪ್ಪಿದೆ.

ಆದ್ರೆ ದಾವಣಗೆರೇಲಿ ಕೂತು ಕಲಾವಿದರು ಎಲ್ಲಿದ್ದಾರೆ ಅಂತ ಕೇಳ್ತೀರಲ್ಲ! ನಿಮ್ಮೂರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ, 1964ರಲ್ಲಿ ಶುರುವಾಗಿದ್ದು. ನಿಮ್ಮ ವಯಸ್ಸಿನೋರು, ನಿಮಗಿಂತ ಚಿಕ್ಕೋರು, ಅಲ್ಲಿ ದಿನಾ ಮಣ್ಣು ಮೆತ್ಕೊಂಡು ಬಣ್ಣ ಮೆತ್ಕೊಂಡು ಕೂತಿರ್ತಾರೆ. ಒಂದು ಸಲನಾದ್ರೂ ಒಳಗೆ ಹೋಗಿ ನೋಡಿದ್ದೀರಾ? ಅವರ ಮುಂದೆ ಐದು ನಿಮಿಷ ನಿಂತು "ಇದು ಯಾಕೆ ಹೀಗೆ ಮಾಡಿದ್ರಿ" ಅಂತ ಕೇಳಿದ್ರೆ ಸಾಕು, ಆ ಮಕ್ಕಳ ಮುಖ ಅರಳುತ್ತೆ, ಯಾರೂ ಕೇಳಿರಲ್ಲ ಅವರನ್ನ.

ನಮ್ಮ ಮನೇಲಿ ಚಿಕ್ಕಂದಿನಲ್ಲಿ ಹಳೇ ಚಂದಮಾಮದ ಕಟ್ಟು ಇತ್ತು, ಯಾರೋ ಬಂಧುಗಳು ಕೊಟ್ಟಿದ್ದು. ನಮ್ಮಕ್ಕ ಚಿತ್ರದ ಮೂಲೇನ ಹೆಬ್ಬೆರಳಲ್ಲಿ ಮುಚ್ಚಿ "ಯಾರು ಬರೆದಿದ್ದು ಹೇಳು" ಅಂತ ಕೇಳೋಳು. ಮುಖಪುಟದಲ್ಲಿ ಮಹಾಭಾರತ ಇದ್ರೆ ಯೋಚನೇನೇ ಮಾಡ್ತಿರಲಿಲ್ಲ ನಾವು, ಎಂ.ಟಿ.ವಿ. ಆಚಾರ್ಯ. ಮುಂದೆ ಬೆಂಗಳೂರಿಂದ ಅಂಚೆ ಮೂಲಕನೇ ಎಷ್ಟೋ ಹಳ್ಳಿ ಹುಡುಗರಿಗೆ ಚಿತ್ರ ಬರೆಯೋದು ಕಲಿಸಿದೋರು ಅವರು. ಹಾಗೆ ಬೆರಳು ಮುಚ್ಚಿ ಆಡಿ ಆಡಿನೇ ನನಗೆ ಒಬ್ಬೊಬ್ಬರ ಗೆರೆ ಗುರುತು ಸಿಕ್ಕಿದ್ದು, ಪತ್ರಿಕೆಗಳಲ್ಲಿ ಕಥೆಗೆ ಚಿತ್ರ ಬರೆದ ಚಂದ್ರನಾಥ ಆಚಾರ್ಯರ ಗೆರೆ ಬೇರೆ, ಪ.ಸ. ಕುಮಾರ್ ಅವರದ್ದು ಬೇರೆ, ಈಗಿನ ಪುಸ್ತಕದ ಅಂಗಡೀಲಿ ದೂರದಿಂದ ನೋಡಿದ್ರೂ ಇದು ‘ಅಪಾರ’ ಅನ್ನೋ ಕಲಾವಿದರು ಮಾಡಿದ ಮುಖಪುಟ ಅಂತ ಗೊತ್ತಾಗುತ್ತೆ. ನೀವು ಓದಿರೋ ಕಥೆಗಳ ಪಕ್ಕದಲ್ಲೇ ಇವರೆಲ್ಲ ಇಷ್ಟು ವರ್ಷ ಇದ್ರು. ಕಲಾವಿದರನ್ನ ಹುಡುಕೋದು ಅಂದ್ರೆ ನನ್ನ ಪ್ರಕಾರ ಮೊದಲು ಆ ಮೂಲೇಲಿರೋ ಸಹಿ ಓದೋದು.

ಸಹಿನೇ ಹಾಕದ ಜಾಗದಲ್ಲಿ ಏನು ಮಾಡೋದು ಅಂತೀರಾ? ಬಾಯಿ ಬಿಟ್ಟು ಕೇಳಬೇಕು.

ಮಲೆನಾಡಿನ ಸಾಗರದ ಕಡೆ ದೀವರು ಅನ್ನೋ ಸಮುದಾಯದೋರ ಒಂದು ಮನೆಗೆ ಹೋಗಿದ್ದೆ, ಹೊಲಕ್ಕೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಹತ್ತಿರ ಇತ್ತು. ಜಗಲೀಲಿ ಇಬ್ರು ಹೆಂಗಸ್ರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೀತಾ ಕೂತಿದ್ರು. ಹೊಲಕ್ಕೆ ಎಡೆ ತಗೊಂಡು ಹೋಗೋ ಬುಟ್ಟಿ ಅದು. ಕೆಮ್ಮಣ್ಣು ಬಳಿದಿರೋ ಬುಟ್ಟಿ ಮೇಲೆ ಅಕ್ಕಿ ಅರೆದ ಬಿಳಿ, ಗುರಿಗೆ ಕಾಯಿಯ ಹಳದಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಕುಂಚ ಅಂದ್ರೆ ಪುಂಡಿ ನಾರು, ಅಷ್ಟೇ ಸಾಮಾನು. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ಉಸಿರು ಹಿಡಿದು ಒಂದೆಳೆ ಎಳೆಯೋರು, ಪಕ್ಕದಲ್ಲಿ ಇನ್ನೊಂದೆಳೆ, ಮಧ್ಯದ ಜಾಗ ಎಲ್ಲೂ ಹೆಚ್ಚು ಕಮ್ಮಿ ಆಗ್ತಿರಲಿಲ್ಲ. ನಾನು ಗೋಡೆ ಮೇಲಿದ್ದ ಹಸೆ ಚಿತ್ತಾರ ತೋರಿಸಿ ಯಾರು ಬರೆದಿದ್ದು ಅಂದೆ. ದೊಡ್ಡೋರು ತಲೆ ಎತ್ತದೇನೇ ಹೇಳಿದ್ರು, "ಅದು ನಮ್ಮತ್ತೆ ಕೈ. ನಂದು ಇನ್ನೂ ಅಷ್ಟು ಕೂತಿಲ್ಲ." ಎಪ್ಪತ್ತರ ಹತ್ತಿರ ಇತ್ತು ಅವರ ವಯಸ್ಸು! ಅಂದ್ರೆ ಆ ಮನೆಯೊಳಗೆ ಯಾರ ಕೈ ಯಾವುದು ಅನ್ನೋದು ಎಲ್ಲರಿಗೂ ಗೊತ್ತು, ಸಹಿ ಬೇಕಾಗೇ ಇಲ್ಲ. ಅದೇ ಚಿತ್ತಾರ ನಗರಕ್ಕೆ ಬಂದು ಒಂದು ಹೋಟೆಲಿನ ಗೋಡೆ ಏರಿದ್ದು ನೋಡಿದೆ, ಕೆಳಗೆ "ಜಾನಪದ ಕಲೆ" ಅಂತ ಬೋರ್ಡು, ಬರೆದೋರ ಹೆಸರೇ ಇಲ್ಲ. ಕೇಳಿದ್ರೆ ಮ್ಯಾನೇಜರ್‌ಗೂ ಗೊತ್ತಿಲ್ಲ. ನನಗೆ ಆವತ್ತು ಊಟ ರುಚಿಸಲಿಲ್ಲ.

ನೀವು ದಾರದ ಕೆಲಸ ಅಂದ್ರಲ್ಲ, ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನದೊಳಗೆ ಹುಬ್ಬಳ್ಳಿ. ಹುಬ್ಬಳ್ಳಿ ಧಾರವಾಡದಲ್ಲಿ ಈಗಲೂ ಕೈಯಲ್ಲಿ ಕಸೂತಿ ಹಾಕೋರಿದ್ದಾರೆ, ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ಬಟ್ಟೆ ಮೇಲೆ ಗೆರೆ ಎಳ್ಕೊಳ್ಳೋ ಹಾಗಿಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಎಲ್ಲಾ ಮೂಡಬೇಕು, ಗಂಟು ಕಾಣಬಾರ್ದು. ಗವಂತಿ ಹೊಲಿಗೇನ ತಿರುಗಿಸಿ ನೋಡಿ, ಹಿಂದೆ ಮುಂದೆ ಒಂದೇ ಥರ. ಅದನ್ನ ಮಾಡೋರು ನಿಮ್ಮ ಅಮ್ಮನ ವಯಸ್ಸಿನೋರು, ನಿಮ್ಮ ವಯಸ್ಸಿನೋರು. ಹಳೇ ಕಾಲದೋರಲ್ಲ, ಈಗಿನೋರೇ.

ನಮ್ಮಲ್ಲಿ ಹೆಸರು ಹೊರಗೆ ಬರೋದಕ್ಕೆ ಡೆಲ್ಲಿಯಿಂದ ಪ್ರಶಸ್ತಿ ಬರಬೇಕು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಬಿದ್ರಿ ಕೆಲಸಕ್ಕೆ ಜೀವ ತೇದೋರು, 2023ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ಜನ ಮೊದಲ ಸಲ ಕೇಳಿದ್ರು. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂತು, ಆಗ ಅವರಿಗೆ ತೊಂಬತ್ತು ದಾಟಿತ್ತು. ಅಷ್ಟು ವರ್ಷ ನಾವೆಲ್ಲ ಎಲ್ಲಿದ್ವಿ?

ಸರಿಯಾಗಿ ನಡ್ಕೊಂಡೋರೂ ಇದ್ದಾರೆ. ಚಿತ್ರಕಾರ ಎಸ್.ಜಿ. ವಾಸುದೇವ್ ಅವರ ರೇಷ್ಮೆ ಟೇಪೆಸ್ಟ್ರಿಗಳ, ಅಂದ್ರೆ ಮಗ್ಗದಲ್ಲಿ ನೇಯ್ದ ಚಿತ್ರಗಳ, ವಿಷಯ ಬಂದಾಗ ನೇಯ್ದ ಸುಬ್ಬರಾಯಲು ಅವರ ಹೆಸರೂ ಜೊತೇಲೇ ಬರುತ್ತೆ. ಚಿತ್ರಕಾರರ ಪಕ್ಕದಲ್ಲಿ ನೇಕಾರರ ಹೆಸರು, ಇದು ನನಗೆ ದೊಡ್ಡ ವಿಷಯ. ಬೆಂಗಳೂರಿನ ರವಿಕುಮಾರ್ ಕಾಶಿ ಕೊರಿಯಾಕ್ಕೆ ಹೋಗಿ ಅವರ ಹಾಂಜಿ ಕಾಗದ ಮಾಡೋದು ಕಲಿತು ಬಂದು, ಕಾಗದದ ತಿರುಳನ್ನೇ ಕಲೆ ಮಾಡಿದ್ರು, ಮೇಲೆ ಬೇರೆ ಕಲಾವಿದರ ಬಗ್ಗೆ ಕನ್ನಡದಲ್ಲಿ ಬರೀತಾನೂ ಇದ್ದಾರೆ. ಅವರನ್ನ ಓದಿ, ನಾನು ಕೊಡೋ ಪಟ್ಟಿಗಿಂತ ಅದು ಮೇಲು.

ಚಿತ್ರಸಂತೆಗೂ ಹೋಗಿ. ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ, ಚಿತ್ರಕಲಾ ಪರಿಷತ್ತು ಇಪ್ಪತ್ತು ವರ್ಷದ ಮೇಲಾಯ್ತು ನಡೆಸ್ತಾ. ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಲ್ಲಿ ಕೂತಿರ್ತಾರೆ, ಎದುರಿಗೇ. ಅಲ್ಲಿ ಒಂದು ಸಲ ನೋಡಿದ್ದು ಹೇಳ್ತೀನಿ. ಒಬ್ಬ ಹುಡುಗಿ ಜಲವರ್ಣದ ಸಣ್ಣ ಚಿತ್ರ ಇಟ್ಕೊಂಡಿದ್ಲು, ರೇಟು ಆರುನೂರು. ಒಬ್ರು ಇನ್ನೂರಕ್ಕೆ ಕೇಳಿ, ಆಗಲ್ಲ ಅಂದಾಗ ಫೋನಲ್ಲಿ ಫೋಟೋ ಹೊಡ್ಕೊಂಡು, "ಪ್ರಿಂಟ್ ಹಾಕಿಸಿದ್ರಾಯ್ತು ಬಾ" ಅಂತ ಹೆಂಡತಿಗೆ ಹೇಳಿ ಹೊರಟ್ರು. ಆ ಹುಡುಗಿ ಏನೂ ಅನ್ನಲಿಲ್ಲ, ಚಿತ್ರದ ಮೇಲೆ ಬಿದ್ದಿದ್ದ ಎಲೆ ತೆಗೆದು ಪಕ್ಕಕ್ಕಿಟ್ಲು. ಇಂಥೋರೇ ಕಾಫಿಗೆ ಇನ್ನೂರೈವತ್ತು ಕೊಡ್ತಾರೆ, ಚೌಕಾಸಿ ಮಾಡದೆ!

ಈಗ ಇನ್ನೂ ಕೆಟ್ಟ ಕಾಲ. ಸ್ನೇಹಿತರೊಬ್ರ ಕಾದಂಬರಿ ಬಂತು, ಮುಖಪುಟದ ಹೆಂಗಸಿಗೆ ಒಂದು ಕೈಗೆ ಆರು ಬೆರಳು. ಎಐ ಹತ್ರ ಮಾಡಿಸಿದ್ದು. ಪ್ರಕಾಶಕರಿಗೆ ಫೋನ್ ಮಾಡಿದ್ರೆ "ಕಲಾವಿದರಿಗೆ ಕೊಡೋಕೆ ಬಜೆಟ್ ಇರಲಿಲ್ಲ ಸರ್" ಅಂದ್ರು. ಕಾಗದಕ್ಕೆ ಬಜೆಟ್ ಇತ್ತು, ಅಚ್ಚಿಗೆ ಇತ್ತು, ಬಿಡುಗಡೆಯ ಶಾಲು ಹಾರಕ್ಕೆ ಇತ್ತು. ಮದುವೆ ಕಾರ್ಡು, ಶಾಲೆಯ ಗೋಡೆ, ಹಬ್ಬದ ಬ್ಯಾನರು ಎಲ್ಲಾ ಕಡೆ ಇದೇ ಕಥೆ. ಬೋರ್ಡು ಬರೆಯೋರನ್ನ ಫ್ಲೆಕ್ಸ್ ಮನೆಗೆ ಕಳಿಸ್ತು, ಕಥೆಗೆ ಚಿತ್ರ ಬರೆಯೋರನ್ನ ಇದು ಕಳಿಸುತ್ತೆ, ಆಮೇಲೆ ನಾವೇ ಕೂತು "ನಮ್ಮಲ್ಲಿ ಯಾಕಿಲ್ಲ" ಅಂತ ಕೇಳ್ತೀವಿ. ನಮ್ಮ ಪತ್ರಿಕೇಲೂ ತಪ್ಪಿತ್ತು, ಚಿತ್ರ ಬರೆದೋರ ಹೆಸರು ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಹೋಗ್ತಿತ್ತು. ಈಗ ಕಥೆಗಾರರ ಹೆಸರಿನ ಕೆಳಗೇ ಹಾಕ್ತಿದ್ದೀವಿ, ಅದೇ ಅಳತೆಯ ಅಕ್ಷರದಲ್ಲಿ.

ಪಟ್ಟಿ ನಾನು ಕೊಡಲ್ಲ ತಂಗೀ, ನೀವು ಮಾಡಿ ಕಳಿಸಿ. ದಾವಣಗೆರೆ ಸುತ್ತಮುತ್ತ ಐದು ಜನ, ಹೆಸರು, ಊರು, ಏನು ಮಾಡ್ತಾರೆ, ಅವರ ಜೊತೆ ಏನು ಮಾತಾಡಿದ್ರಿ. ಅವರನ್ನ ಕೇಳಿ, ಒಪ್ಪಿದೋರದ್ದು ಪ್ರಕಟಿಸ್ತೀವಿ. ಇನ್ನು ಆ ದಾಸವಾಳ. ಕೇಸರ ಒಂದೇ ಗೆರೇಲಿ ಎಳೆದಿರೋದು ನೋಡಿದ್ರೆ ಕೈ ಪಳಗಿದೆ ಅನ್ಸುತ್ತೆ, ಆದ್ರೆ ಕೆಳಗೆ ಸಹಿ ಇಲ್ಲ. ನಿಮ್ಮದೇ ಆಗಿದ್ರೆ ದಪ್ಪ ಹಾಳೆ ಮೇಲೆ ದೊಡ್ಡದಾಗಿ ಬರೆದು, ಮಡಚದೆ, ರಟ್ಟಿನ ಮಧ್ಯ ಇಟ್ಟು ಕಳಿಸಿ. ಸಂಭಾವನೆ ಎಲ್ಲರಿಗೂ ಕೊಡೋಷ್ಟೇ ಕೊಡ್ತೀವಿ. ಬೇರೆ ಯಾರಾದ್ರೂ ಬಿಡಿಸಿಕೊಟ್ಟಿದ್ರೆ ಅವರ ಹೆಸರು ತಿಳಿಸಿ.