ತೆಂಗಿನ ಮರಕ್ಕೆ ಹೃದಯವಿಲ್ಲ, ಹಾಗಾದರೆ ನೀರು ಮೇಲಕ್ಕೆ ಹತ್ತೋದು ಹೇಗೆ?

ಹತ್ತನೇ ಕ್ಲಾಸಿನ ನಿಮ್ಮ ಮಗಳು ಕೇಳಿದ ಪ್ರಶ್ನೆ ಇದು: ನಮ್ಮ ರಕ್ತವನ್ನು ಹೃದಯ ಪಂಪ್ ಮಾಡುತ್ತದೆ, ತೆಂಗಿನ ಮರದ ನೀರನ್ನು ಯಾವುದು ಪಂಪ್ ಮಾಡುತ್ತದೆ? ಬೇರು ತಳ್ಳುತ್ತದೆ ಅಂತ ಒಬ್ಬರು ಹೇಳಿದ್ದಾರೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅಂತ ಇನ್ನೊಬ್ಬರು. ಯಾವುದು ಸರಿ ಅಂತ ಕೇಳಿದ್ದೀರಿ. ರಾತ್ರಿ ಬಿಸಿಲಿಲ್ಲದಾಗ ಮರದೊಳಗಿನ ನೀರು ಕೆಳಗೆ ಇಳಿದುಬಿಡುತ್ತದಾ ಅಂತಲೂ ಕೇಳಿದ್ದೀರಿ.

ನಾನು ತಿಪಟೂರು ಕಡೆಯ ತೆಂಗಿನ ತೋಟದ ಮನೆಯಲ್ಲಿ ಬೆಳೆದವಳು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಪಾಠದಲ್ಲಿ "ಕ್ಸೈಲಂ ನೀರನ್ನು ಸಾಗಿಸುತ್ತದೆ" ಎಂದು ಒಂದು ಸಾಲು ಓದಿ ಮಕ್ಕಳು ಮುಂದೆ ಹೋಗಿಬಿಡುತ್ತಾರೆ. ಕ್ಸೈಲಂ ಅಂದರೆ ಗಿಡದೊಳಗಿನ ನೀರಿನ ನಾಳಗಳು. ಸಾಗಿಸುವುದು ಹೇಗೆ ಅಂತ ಕೇಳುವವರು ಕಡಿಮೆ.

ಮೊದಲು ನೇರ ಉತ್ತರ: ಮರದಲ್ಲಿ ಪಂಪ್ ಇಲ್ಲ. ನೀರನ್ನು ಮೇಲಿನಿಂದ ಗರಿಗಳು ಎಳೆಯುತ್ತವೆ. ಎಳೆಯುವ ಶಕ್ತಿ ಬಿಸಿಲಿನದು.

ಇದು ಯಾಕೆ ಅಷ್ಟು ಸುಲಭದ ಮಾತಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ನಮ್ಮ ಬಾವಿಯಿಂದ. ನಾನು ಚಿಕ್ಕವಳಿದ್ದಾಗ ಪಂಪ್‌ಸೆಟ್ ಬಾವಿಯ ದಡದಲ್ಲೇ ಇತ್ತು. ನೀರು ಕೆಳಗೆ ಹೋದ ಹಾಗೆ ಮೋಟರು ಓಡುತ್ತಿತ್ತು, ನೀರು ಬರುತ್ತಿರಲಿಲ್ಲ. ಅಪ್ಪ ಬಾವಿಯೊಳಗೆ ಕಲ್ಲುಚಪ್ಪಡಿ ಹಾಕಿಸಿ ಮೋಟರನ್ನೇ ಕೆಳಗಿಳಿಸಿದರು. ಕಾರಣ ಇಷ್ಟೇ. ದಡದ ಪಂಪು ಪೈಪಿನ ಗಾಳಿ ತೆಗೆಯುತ್ತದೆ, ಆಗ ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಪೈಪಿನೊಳಗೆ ದಬ್ಬುತ್ತದೆ. ಆ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರ್, ಅಂದರೆ ಸುಮಾರು 34 ಅಡಿ ಎತ್ತಬಲ್ಲದು. ತೋಟದಲ್ಲಿ 25 ಅಡಿ ದಾಟಿದರೇ ಕಷ್ಟ. ಆದರೆ ಅದೇ ಬಾವಿಯ ಪಕ್ಕದ ತೆಂಗಿನ ಮರ 60-70 ಅಡಿ ಇತ್ತು. ಅದರ ತುದಿಯ ಗರಿಗೂ ನೀರು ಹೋಗುತ್ತಿತ್ತು!

ಗರಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಪಾಠದಲ್ಲಿ ಪತ್ರರಂಧ್ರ ಅಂತ ಬರುತ್ತದಲ್ಲ, ಅವೇ. ಬಿಸಿಲಿಗೆ ಎಲೆಯೊಳಗಿನ ಒದ್ದೆ ಕೋಶಗಳ ನೀರು ಆವಿಯಾಗಿ ಆ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಒಂದು ಕಣ ಹೋದರೆ ಹಿಂದಿನ ಕಣ ಆ ಜಾಗಕ್ಕೆ ಜರುಗುತ್ತದೆ. ನೀರಿನ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಹಾಗಾಗಿ ಗರಿಯಲ್ಲಿ ಶುರುವಾದ ಎಳೆತ ಕಾಂಡ ದಾಟಿ, ಬೇರಿನ ತುದಿಯವರೆಗೆ ಹೋಗುತ್ತದೆ. ಬಾವಿಯಿಂದ ಹಗ್ಗ ಸೇದಿದ ಹಾಗೆ, ಆದರೆ ಇಲ್ಲಿ ಹಗ್ಗವೂ ನೀರೇ. ಈ ವಿವರಣೆ ಕೊಟ್ಟವರು ಡಬ್ಲಿನ್‌ನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ, 1894ರಲ್ಲಿ. ನೀರಿನ ಹಗ್ಗ ಅಷ್ಟು ಭಾರ ತಡೆಯುತ್ತದಾ ಎಂದು ಆಗ ಅನೇಕರು ನಂಬಲಿಲ್ಲ. ಸಪೂರ ನಾಳದಲ್ಲಿ, ಗಾಳಿಯ ಗುಳ್ಳೆ ಇಲ್ಲದಿದ್ದರೆ, ಖಂಡಿತ ತಡೆಯುತ್ತದೆ.

ಗುಳ್ಳೆ ಬಂತೋ, ಹಗ್ಗ ಅಲ್ಲೇ ತುಂಡು. ನಮ್ಮ ಪೈಪು ಗಾಳಿ ಎಳೆದಾಗ ಆಗುತ್ತಿದ್ದದ್ದೂ ಅದೇ. ಮರದಲ್ಲಿ ಒಂದು ನಾಳ ಹೀಗೆ ಕೆಟ್ಟರೆ ನೀರು ಪಕ್ಕದ ನಾಳ ಹಿಡಿದು ಹೋಗುತ್ತದೆ.

ಬತ್ತಿಯ ಮಾತು ಪೂರ್ತಿ ತಪ್ಪಲ್ಲ, ಆದರೆ ಸಾಲದು. ಕ್ಸೈಲಂ ನಾಳದಷ್ಟು ಅಗಲದ ಕೊಳವೆಯಲ್ಲಿ ನೀರು ತಾನಾಗಿ ಒಂದು ಮೀಟರ್ ಕೂಡ ಏರುವುದಿಲ್ಲ. ಬೇರು ತಳ್ಳುವುದೂ ನಿಜ. ಬೆಳಗಿನ ಜಾವ ಹಿತ್ತಲಿನ ಕೆಸುವಿನ ಎಲೆಯ ತುದಿ ನೋಡಿ. ಹನಿ ತೊಟ್ಟಿಕ್ಕುತ್ತಾ ಇರುತ್ತದೆ. ಎಲ್ಲರೂ ಇಬ್ಬನಿ ಅಂದುಕೊಳ್ಳುತ್ತಾರೆ. ಅದು ರಾತ್ರಿಯೆಲ್ಲ ಬೇರು ಒತ್ತಿ ಕಳಿಸಿದ ನೀರು. ಆದರೆ ಈ ಒತ್ತಡ ಗಿಡಕ್ಕೆ ಸಾಕು, ಎತ್ತರದ ಮರಕ್ಕೆ ಸಾಲದು.

ಹಾಗಾದರೆ ಕಾಂಡದೊಳಗಿನ ಜೀವಕೋಶಗಳು ಸಣ್ಣ ಸಣ್ಣ ಹೃದಯಗಳ ಹಾಗೆ ತಳ್ಳುತ್ತಿರಬಹುದಾ? ನಮ್ಮ ಜಗದೀಶ ಚಂದ್ರ ಬೋಸ್ ಹಾಗೇ ವಾದಿಸಿ 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೋಸರ ಮೇಲೆ ನನಗೆ ಅಪಾರ ಗೌರವ, ಆದರೆ ಈ ವಾದ ನಿಲ್ಲಲಿಲ್ಲ. ಅದಕ್ಕೂ ಮೊದಲೇ ಜರ್ಮನಿಯ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ಒಂದು ಪ್ರಯೋಗ ಮಾಡಿದ್ದರು. 20 ಮೀಟರ್‌ಗೂ ಎತ್ತರದ ಓಕ್ ಮರವನ್ನು ಬುಡದಲ್ಲಿ ಕೊಯ್ದು ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ವಿಷ ಏರುತ್ತಾ ಕಾಂಡದ ಜೀವಕೋಶಗಳನ್ನು ಕೊಲ್ಲುತ್ತಾ ಹೋಯಿತು. ಆದರೂ ದ್ರಾವಣ ತುದಿಯವರೆಗೆ ಏರಿತು. ಎಲೆಗಳು ಸತ್ತಾಗ ಮಾತ್ರ ಹರಿವು ನಿಂತಿತು. ಕ್ಸೈಲಂ ನಾಳಗಳ ಕೋಶಗಳು ಹೇಗೂ ಸತ್ತವೇ, ಬರೀ ಗೋಡೆ ಉಳಿದ ಕೊಳವೆಗಳು.

ಇದನ್ನು ಮಗಳಿಗೆ ಕಣ್ಣಾರೆ ತೋರಿಸಿ. ಒಂದು ಕರ್ಣಕುಂಡಲದ ಗಿಡ ತನ್ನಿ. ಬಕೆಟ್ ನೀರಿನೊಳಗೆ ಹಿಡಿದುಕೊಂಡೇ ಕಾಂಡ ಕತ್ತರಿಸಿ, ಗಾಳಿ ಹೋಗಬಾರದು. ಕೆಂಪು ಇಂಕು ಬೆರೆಸಿದ ನೀರಿನ ಲೋಟದಲ್ಲಿ ಇಟ್ಟು ಬಿಸಿಲಿಗಿಡಿ. ಅದರ ಕಾಂಡ ನೀರು ತುಂಬಿದ ಗಾಜಿನ ಹಾಗಿರುತ್ತದಲ್ಲ, ಒಳಗೆ ಕೆಂಪು ಗೆರೆಗಳು ಹತ್ತುವುದು ಹೊರಗಿನಿಂದಲೇ ಕಾಣುತ್ತದೆ. ಇನ್ನೊಂದು ಗಿಡವನ್ನು ನೆರಳಿನಲ್ಲಿಡಿ, ಅದು ನಿಧಾನ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಎಲೆಗಳನ್ನೆಲ್ಲ ಕಿತ್ತು ಬರೀ ಕಾಂಡ ಇಟ್ಟ. ಕೆಂಪು ಸ್ವಲ್ಪ ಹತ್ತಿ ನಿಂತುಬಿಟ್ಟಿತು. ಅವನು ಬೋರ್ಡಿನ ಹತ್ತಿರ ಬಂದು "ಎಲೆಯೇ ಪಂಪು ಮಿಸ್" ಅಂದ. ಆ ದಿನ ನಾನು ಬೇರೆ ಪಾಠ ಮಾಡಲಿಲ್ಲ.

ಇನ್ನು ಆಹಾರದ ದಾರಿ. ಗರಿಯಲ್ಲಿ ತಯಾರಾದ ಸಕ್ಕರೆ ಬೇರೆ ನಾಳದಲ್ಲಿ ಹೋಗುತ್ತದೆ, ಅದು ಫ್ಲೋಯಂ. ಅಲ್ಲಿ ಕೋಶಗಳು ಜೀವಂತ. ಅವು ಸಕ್ಕರೆ ತುಂಬಿಕೊಳ್ಳುತ್ತವೆ, ಸಕ್ಕರೆಯ ಹಿಂದೆ ನೀರು ನುಗ್ಗುತ್ತದೆ, ಒತ್ತಡ ಏಳುತ್ತದೆ. ಆ ಒತ್ತಡದಿಂದ ಸಿಹಿ ರಸ ಬೇಕಾದ ಕಡೆ ಹರಿಯುತ್ತದೆ, ಬೇರಿಗೂ, ಕಾಯಿಗೂ. ನೀರಾ ಇಳಿಸುವವರು ಅರಳದ ಹೊಂಬಾಳೆಯ ತುದಿ ಕೊಯ್ದು ಮಡಕೆ ಕಟ್ಟುತ್ತಾರಲ್ಲ, ಅವರು ಹಿಡಿಯುವುದು ಈ ರಸವನ್ನೇ. ಅದಕ್ಕೇ ನೀರಾ ಅಷ್ಟು ಸಿಹಿ. ಎಳನೀರು ಕೂಡ ಬೇರು ಹೀರಿದ ನೀರು ಹಾಗೇ ತುಂಬಿದ್ದಲ್ಲ. ಅದು ಬೀಜದೊಳಗಿನ ದ್ರವ ಆಹಾರ, ಮುಂದೆ ಬರುವ ಮೊಳಕೆಯ ಬುತ್ತಿ.

ಮಾವು, ಹಲಸಿನಲ್ಲಿ ಫ್ಲೋಯಂ ತೊಗಟೆಗೆ ಅಂಟಿಕೊಂಡಂತೆ ಇರುತ್ತದೆ. ಸುತ್ತಲೂ ಬಳೆಯ ಹಾಗೆ ತೊಗಟೆ ಕೆತ್ತಿದರೆ ಬೇರಿಗೆ ಊಟ ಹೋಗದೆ ಮರ ನಿಧಾನಕ್ಕೆ ಸಾಯುತ್ತದೆ. ತೆಂಗಿನಲ್ಲಿ ಹಾಗಲ್ಲ. ಹತ್ತಲು ಕಾಂಡಕ್ಕೆ ಕಚ್ಚು ಹಾಕಿರುತ್ತಾರೆ, ಆದರೂ ಮರ ಕಾಯಿ ಬಿಡುತ್ತಲೇ ಇರುತ್ತದೆ. ಯಾಕೆಂದರೆ ಅದರ ನಾಳಗಳು ಕಾಂಡದ ತುಂಬಾ ಚದುರಿಕೊಂಡಿವೆ. ಆದರೆ ಮಾವಿನ ಹಾಗೆ ವರ್ಷವರ್ಷ ಹೊಸ ನಾಳ ಕಟ್ಟಿಕೊಂಡು ದಪ್ಪವಾಗಲು ಅದಕ್ಕೆ ಬರುವುದಿಲ್ಲ. 60 ವರ್ಷದ ಮರದ ಬುಡದಲ್ಲಿ ನೀರು ಹರಿಯುವುದು ಅದು ಎಳೆಯ ಮರವಾಗಿದ್ದಾಗ ಮಾಡಿಕೊಂಡ ನಾಳಗಳಲ್ಲೇ. ಹಾಗಾಗಿ ಸುಮ್ನೆ ಆಳವಾಗಿ ಕಚ್ಚು ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಗಾಯ ತುಂಬಿಕೊಳ್ಳುವುದೇ ಇಲ್ಲ.

ನಮ್ಮ ರಕ್ತಕ್ಕೂ ಗಿಡಮರದ ನೀರಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಅಳೆದು ನೋಡಿದವರು ಇಂಗ್ಲೆಂಡಿನ ಒಬ್ಬ ಪಾದ್ರಿ, ಸ್ಟೀಫನ್ ಹೇಲ್ಸ್. ರಕ್ತ ಸುತ್ತು ಹಾಕುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲೇ ತೋರಿಸಿದ್ದರು. ಗಿಡದ ರಸವೂ ಹಾಗೇ ಸುತ್ತುತ್ತದೆ ಎಂದು ಹಲವರು ನಂಬಿದ್ದರು. ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದರು. ರಕ್ತ 8 ಅಡಿಗೂ ಮೇಲೆ ಏರಿತು. ಅದೇ ಮನುಷ್ಯ ಸೂರ್ಯಕಾಂತಿ ಗಿಡವನ್ನು ದಿನವೂ ತೂಗಿ, ಅದು ಎಷ್ಟು ನೀರು ಕುಡಿದು ಎಷ್ಟು ಬಿಡುತ್ತದೆ ಅಂತ ಲೆಕ್ಕ ಹಾಕಿದರು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಗಿಡ ಮನುಷ್ಯನ 17 ಪಟ್ಟು ನೀರು ಕುಡಿಯುತ್ತದೆ ಎಂದು 1727ರಲ್ಲಿ ಬರೆದರು. ಸುತ್ತು ಇಲ್ಲ, ನೀರು ಬಂದ ದಾರಿಯಲ್ಲೇ ಮುಂದೆ ಹೋಗಿಬಿಡುತ್ತದೆ ಎಂದೂ ಹೇಳಿದರು.

ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಸುಮ್ಮನೆ ಕೂತಿದ್ದರೂ ಹೃದಯ ನಿಮಿಷಕ್ಕೆ ಅಷ್ಟನ್ನೂ ಒಂದು ಸುತ್ತು ಕಳಿಸುತ್ತದೆ. ಮುದ್ದೆಯ ಹಿಟ್ಟು ಗ್ಲೂಕೋಸ್ ಆಗಿ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ ಹೋಗುತ್ತದೆ, ಆಮೇಲೆ ಎಲ್ಲ ಕಡೆಗೆ. ನೀರು, ಊಟ, ಆಮ್ಲಜನಕ, ಕಸ, ಎಲ್ಲಕ್ಕೂ ಒಂದೇ ಗಾಡಿ. ಮರಕ್ಕೆ ನೀರಿಗೊಂದು ದಾರಿ, ಊಟಕ್ಕೊಂದು ದಾರಿ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗೂ ಜಾಸ್ತಿ ಗಾಳಿಗೆ ಹೋಗುತ್ತದೆ. ಬೇಸಿಗೆಯಲ್ಲಿ ತೆಂಗಿಗೆ ಅಷ್ಟೊಂದು ನೀರು ಯಾಕೆ ಬೇಕು ಅನ್ನುವುದಕ್ಕೆ ಇದೇ ಕಾರಣ.

ಕೊನೆಗೆ ರಾತ್ರಿಯ ಪ್ರಶ್ನೆ. ಕತ್ತಲಾದ ಮೇಲೆ ಪತ್ರರಂಧ್ರಗಳು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತವೆ. ಎಳೆತ ಸಡಿಲವಾಗುತ್ತದೆ. ಆದರೆ ನೀರು ಕೆಳಗೆ ಬೀಳುವುದಿಲ್ಲ. ಕಣಗಳು ಒಂದಕ್ಕೊಂದು, ನಾಳದ ಗೋಡೆಗೂ ಅಂಟಿಕೊಂಡು ಅಲ್ಲೇ ತೂಗುತ್ತಿರುತ್ತವೆ. ಬೇರು ಹೀರುತ್ತಲೇ ಇರುತ್ತದೆ, ಹಗಲಿನಲ್ಲಿ ಒಣಗಿದ ಅಂಗಾಂಶಗಳು ಮತ್ತೆ ತುಂಬಿಕೊಳ್ಳುತ್ತವೆ. ಮರಗಳ ಕಾಂಡಕ್ಕೆ ಸೂಕ್ಷ್ಮ ಅಳತೆಯ ಪಟ್ಟಿ ಕಟ್ಟಿ ನೋಡಿದವರಿಗೆ ಇದು ಚೆನ್ನಾಗಿ ಕಂಡಿದೆ. ಮಧ್ಯಾಹ್ನದ ಎಳೆತಕ್ಕೆ ಕಾಂಡ ಕೂದಲೆಳೆಯಷ್ಟು ಸಣ್ಣಗಾಗುತ್ತದೆ, ಬೆಳಗಿನ ಜಾವದ ಹೊತ್ತಿಗೆ ಮತ್ತೆ ಉಬ್ಬಿರುತ್ತದೆ.