ವಾರ್ಡ್‌ನಲ್ಲಿ ಇಬ್ಬರು ನರ್ಸ್‌ಗಳಿಗೆ ಆಗಿಬರುವುದಿಲ್ಲ. ಇನ್‌ಚಾರ್ಜ್ ಆಗಿ ಜಗಳ ನಿಲ್ಲಿಸುವುದು ಹೇಗೆ?

ಇಬ್ಬರೂ ಎದುರುಬದುರಾಗದ ಹಾಗೆ ಡ್ಯೂಟಿ ಹಾಕಲಾ ಅಂತ ಕೇಳಿದ್ದೀರಿ. ಬೇಡ. ನಾನು ಹೆಚ್ಚುಕಡಿಮೆ ಅದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಇನ್‌ಚಾರ್ಜ್ ಆಗಿ ಆಗ ನನಗೆ ನಾಲ್ಕೇ ತಿಂಗಳು. ಸಂಜೆ ಡ್ಯೂಟಿ ಸಿಸ್ಟರ್‌ಗೂ ರಾತ್ರಿ ಡ್ಯೂಟಿಯವರಿಗೂ ದಿನಾ ಎಂಟು ಗಂಟೆಗೆ ಜಟಾಪಟಿ. "ಇನ್ಸುಲಿನ್ ಕೊಟ್ಟಿದ್ದೀರಾ ಇಲ್ವಾ? ಚಾರ್ಟ್‌ನಲ್ಲಿ ಸಹಿ ಎಲ್ಲಿ?" ಅಂತ ರಾತ್ರಿಯವರು. "ಕೊಡದೇ ಮನೆಗೆ ಹೋಗ್ತೀನಾ?" ಅಂತ ಸಂಜೆಯವರು. ಅದೂ ರೋಗಿಗಳ ಮುಂದೆ. ನನಗೆ ತಲೆ ತಗ್ಗಿಸುವ ಹಾಗಾಗುತ್ತಿತ್ತು.

ಒಬ್ಬೊಬ್ಬರನ್ನೇ ಕರೆದು ಮಾತಾಡಿದೆ. ಒಬ್ಬರಿಗೆ "ನಿಮ್ಮದೇ ಸರಿ, ಸ್ವಲ್ಪ ಅನುಸರಿಸಿಕೊಂಡು ಹೋಗಿ" ಅಂದೆ. ಇನ್ನೊಬ್ಬರಿಗೆ "ಅವರ ಸ್ವಭಾವವೇ ಹಾಗೆ, ತಲೆಗೆ ಹಚ್ಚಿಕೊಳ್ಳಬೇಡಿ" ಅಂದೆ. ಆಮೇಲೆ, ಇಬ್ಬರೂ ನೇರವಾಗಿ ಮಾತಾಡುವುದೇ ಬೇಡ, ಹ್ಯಾಂಡೋವರ್, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು, ಜೂನಿಯರ್ ಮೂಲಕ ಆಗಲಿ ಅಂತ ಹೇಳಿಬಿಟ್ಟೆ. ಮೂರು ವಾರ ವಾರ್ಡ್ ತಣ್ಣಗಿತ್ತು. ಒಳಗೊಳಗೇ ಬೀಗಿದೆ.

ಒಂದು ರಾತ್ರಿ ಮೂರು ಹೊಸ ಅಡ್ಮಿಷನ್ ಒಟ್ಟಿಗೆ ಬಂದವು. ಜೂನಿಯರ್ ಗಡಿಬಿಡಿಯಲ್ಲಿ ಒಂದು ಮಾತು ಹೇಳಲು ಮರೆತಳು. ಚಾರ್ಟ್ ಖಾಲಿ ಇತ್ತು. ರಾತ್ರಿ ಸಿಸ್ಟರ್ ಇನ್ಸುಲಿನ್ ಕೊಟ್ಟರು. ಅದು ಎರಡನೇ ಸಲ. ಹತ್ತೂವರೆಗೆ ರೋಗಿ ಬೆವರಿ ನಡುಗುತ್ತಿದ್ದರು, ರಕ್ತದ ಸಕ್ಕರೆ 46ಕ್ಕೆ ಇಳಿದಿತ್ತು. ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹಾಕಿದ ಮೇಲೆ ಚೇತರಿಸಿಕೊಂಡರು. ಮೆಮೊ ಬಂದಿದ್ದು ನನ್ನ ಹೆಸರಿಗೆ. ಬರಬೇಕಾದದ್ದೇ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದರ ಹೊಸ್ತಿಲಲ್ಲೇ ಇದ್ದೀರಿ. ಜೂನಿಯರ್ ಮರೆತದ್ದಲ್ಲ, ಯಾರಾದರೂ ಮರೆಯುತ್ತಾರೆ. "ಸಹಿ ಎಲ್ಲಿ" ಅನ್ನುವ ಮಾತನ್ನು ನಾನು "ನನಗೆ ಅವಳನ್ನು ಕಂಡರಾಗದು" ಅಂತ ಕೇಳಿಸಿಕೊಂಡೆ. ಆಕೆ ಸಹಿಯ ಬಗ್ಗೆ ಹೇಳುತ್ತಿದ್ದರು, ನಾನು ಸ್ವಭಾವದ ಬಗ್ಗೆ ಯೋಚಿಸುತ್ತಿದ್ದೆ. ಎಂಟು ಗಂಟೆಯ ಆ ಜಟಾಪಟಿಯೇ ನಮ್ಮ ವಾರ್ಡ್‌ನಲ್ಲಿ ಇನ್ಸುಲಿನ್‌ಗೆ ಇದ್ದ ಕೊನೆಯ ತಪಾಸಣೆ. ಜಗಳ ಆಡುತ್ತಲೇ ಇಬ್ಬರೂ ಒಂದು ಉತ್ತರಕ್ಕೆ ಬರುತ್ತಿದ್ದರು, ಕೊಟ್ಟಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಶಾಂತಿಯ ಹೆಸರಲ್ಲಿ ಅದನ್ನು ಕಿತ್ತು ಹಾಕಿದವಳು ನಾನು.

ಮಾರನೇ ದಿನ ಮೂವರೂ ಒಟ್ಟಿಗೆ ಕೂತೆವು. "ಕೊಟ್ಟ ತಕ್ಷಣ ಸಹಿ ಯಾಕೆ ಹಾಕಲ್ಲ?" ಅಂತ ಕೇಳಿದೆ. ಏಳೂವರೆಗೆ ಡಾಕ್ಟರ್ ರೌಂಡ್ಸ್ ಇರುತ್ತೆ, ಫೈಲ್ ಅವರ ಕೈಯಲ್ಲಿರುತ್ತೆ, ಚಾರ್ಟ್ ಅದರೊಳಗೆ! ಹತ್ತು ನಿಮಿಷದ ಮಾತು. ಅಷ್ಟು ದಿನ ನಾವ್ಯಾರೂ ಕೇಳಿರಲಿಲ್ಲ. ಇನ್ಸುಲಿನ್ ಚಾರ್ಟನ್ನು ಫೈಲ್‌ನಿಂದ ತೆಗೆದು ಮಂಚಕ್ಕೆ ನೇತುಹಾಕಿದೆವು. ಹ್ಯಾಂಡೋವರ್ ಮಂಚದ ಪಕ್ಕದಲ್ಲೇ, ಇಬ್ಬರೂ ಚಾರ್ಟ್ ನೋಡುತ್ತಾ.

ಹಾಗಾಗಿ ಜಗಳ ನಿಲ್ಲಿಸುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸದ್ದಿಲ್ಲದ ವಾರ್ಡ್ ಅಂದರೆ ಒಳ್ಳೆ ವಾರ್ಡ್ ಅಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಹೊಂದಿಕೊಂಡಿದ್ದ ನರ್ಸಿಂಗ್ ತಂಡಗಳಲ್ಲೇ ಔಷಧದ ತಪ್ಪುಗಳು ಜಾಸ್ತಿ ಬೆಳಕಿಗೆ ಬಂದಿದ್ದವು. ಅಲ್ಲಿಯವರು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಅನ್ನುವುದು ಅವರ ವಿವರಣೆ.

ಮಾತು ಒರಟಾದರೆ ಅದಕ್ಕೊಂದು ದಾರಿ ಕಲಿಸಿ. ಆಸ್ಪತ್ರೆ ಸಿಬ್ಬಂದಿಗೆ ತಂಡವಾಗಿ ಕೆಲಸ ಮಾಡಲು ಕಲಿಸುವ ಟೀಮ್‌ಸ್ಟೆಪ್ಸ್ ಅನ್ನುವ ತರಬೇತಿಯಲ್ಲಿ ಮೂರು ಮೆಟ್ಟಿಲಿದೆ: ನನಗೆ ಚಿಂತೆಯಾಗ್ತಿದೆ, ನನಗಿದು ಸರಿ ಅನಿಸ್ತಿಲ್ಲ, ಇದು ರೋಗಿಯ ಸುರಕ್ಷತೆಯ ವಿಷಯ. ಮೂರನೆಯದು ಕೇಳಿದರೆ ಎಲ್ಲರೂ ಕೆಲಸ ನಿಲ್ಲಿಸಬೇಕು. ಮೊದಮೊದಲು ನಮ್ಮವರು ನಕ್ಕರು, ನಾಟಕದ ಡೈಲಾಗ್ ಥರ ಇದೆ ಅಂತ. ಈಗ ಬಳಸುತ್ತಾರೆ.

ಕೆಟ್ಟದಾಗಿ ಬೈಯುವುದು, ಬೆದರಿಸುವುದು ಇದ್ದರೆ ಮಾತ್ರ ಒಟ್ಟಿಗೆ ಕೂರಿಸಲು ಹೋಗಬೇಡಿ. ಅದು ಲಿಖಿತ ದೂರಿನ ವಿಷಯ. ನಿಮ್ಮದು ಹಾಗೆ ಕಾಣುತ್ತಿಲ್ಲ. ಈ ವಾರ ಒಂದು ದಿನ ಹ್ಯಾಂಡೋವರ್ ಹೊತ್ತಿಗೆ ಅವರ ಹತ್ತಿರ ಸುಮ್ನೆ ನಿಂತು, ಯಾವ ಕಾಗದಕ್ಕೆ ಕಿತ್ತಾಡುತ್ತಾರೆ ನೋಡಿ.